ಗದ್ದದ ಕೆಳಗಿನ ಅಕ್ಷರ

ಮೂವತ್ತೊಂದು ವರ್ಷ ಬಿರಡೆ ಕೊರೆಯುವ ಯಂತ್ರದ ಪಕ್ಕ ನಿಂತೆ.
ಗಲ್ಲೂರಾದ ಗುಡ್ಡದ ಮರಗಳು ತೊಗಟೆ ಬಿಚ್ಚಿ ಕೊಟ್ಟವು,
ನಾನು ಕಿವಿ ಕೊಟ್ಟೆ.
ಯಾವ ಯಾವುದೋ ದೇಶದ ಸೀಸೆಗಳ ಬಾಯಿ ಮುಚ್ಚಿ ಮುಚ್ಚಿ
ಕೊನೆಗೆ ನನಗೇ ಬಿರಡೆ ಬಿತ್ತು, ಎರಡೂ ಕಡೆ.

ತೊರಿನೊದಿಂದ ತಂಗಿಯ ಮಗ
ಈಸ್ಟರಿಗೆ ಕನ್ನಡಕ ತಂದ. ದಪ್ಪ ಕಡ್ಡಿ,
ಒಳಗೆ ಬ್ಯಾಟರಿ, ಮೂಗಿನ ಮೇಲೆ ಕಲ್ಲಿಟ್ಟಷ್ಟು ಭಾರ.
"ಹಾಕ್ಕೋ, ಪಾಸ್ಕಾ ದೊಡ್ಡಮ್ಮ, ಹೆದರಬೇಡ."
ಅವನು ಅಂದದ್ದು ಅವನ ಗದ್ದದ ಕೆಳಗೆ
ಹಸಿರಾಗಿ ಮೂಡಿತು.

ಆ ರಾತ್ರಿ ಊಟದ ಮೇಜಿನ ತುಂಬ ಅಕ್ಷರ.
ಸೂಪಿನ ಬಟ್ಟಲ ಮೇಲೆ, ಚೀಸಿನ ಹೋಳಿನ ಮೇಲೆ.
ಮೂಲೆಯ ಟೀವಿಯವಳ ಮಾತು ದಾರಿ ತಪ್ಪಿ
ರೊಟ್ಟಿ ಜಗಿಯುತ್ತಿದ್ದ ನನ್ನ ಗಂಡನ ಬಾಯಿಗೆ ಅಂಟಿತು:
"ನಾಳೆ ವಾಯವ್ಯದಿಂದ ಬಿರುಗಾಳಿ, ಮೀನುಗಾರರು ಎಚ್ಚರ."
ನಲವತ್ತು ವರ್ಷದಲ್ಲಿ ಬೈಂಜು ಅಷ್ಟುದ್ದ ಮಾತಾಡಿದ್ದೇ ಇಲ್ಲ!
ನಾನು ನಕ್ಕೆ, ಎಲ್ಲರೂ ನಕ್ಕರು.
ಕಂಸದೊಳಗೆ ಬಂದು ಕೂತಿತು ಒಂದು ಪದ: ನಗು.

ಅವನು ನಿಜವಾಗಿ ಬಾಯಿ ತೆರೆದಾಗ
ಅವನಜ್ಜಿಯ ಮಾತು, ಗುಡ್ಡದ ಮಾತು, ಉಪ್ಪು ಕೇಳುವ ಮಾತು,
ಹಸಿರು ಮಿಣಮಿಣ ತಡವರಿಸಿ ಬರೆಯಿತು:
ಭಾಷೆ ಗುರುತಾಗಲಿಲ್ಲ.
ಉಪ್ಪು ದಾಟಿಸಿದೆ. ನನಗೆ ಗುರುತಿತ್ತು.

ಸುಳ್ಳು ಹೇಳಬಾರದು. ಸಾಸ್ಸರಿಯ ಆಸ್ಪತ್ರೆಯಲ್ಲಿ
ಮುಖಗವಸಿನ ಡಾಕ್ಟರು ತುಟಿ ತೋರದೆ ಮಾತಾಡಿದಾಗ
ಮೊದಲ ಸಲ ನಾನು ಮಗಳ ಮುಖ ನೋಡಲಿಲ್ಲ.
ಅವಳು ಯಾವಾಗಲೂ ಅರ್ಧ ನುಂಗಿ ಅರ್ಧ ಹೇಳುವವಳು.
"ಗಡ್ಡೆ ಇದೆ. ಚಿಕ್ಕದು. ತೆಗೆಯಬಹುದು."
ನನ್ನ ಗಡ್ಡೆ, ನನ್ನ ಕಣ್ಣಿಗೇ ಮೊದಲು ಬಂತು.
ಅಷ್ಟಕ್ಕೇ ಆ ಕನ್ನಡಕದ ಮುಂದೆ
ಒಂದು ಮೇಣದಬತ್ತಿ ಹಚ್ಚಿದರೂ ತಪ್ಪಿಲ್ಲ.

ಆದರೆ ಅದಕ್ಕೆ ದಾಕ್ಷಿಣ್ಯವಿಲ್ಲ.
ಅಂಗಡಿಯ ಸಾಲಿನಲ್ಲಿ ಹಿಂದೆ ನಿಂತ ಯಾರೋ
"ಆ ಕಿವುಡಿಯನ್ನು ಮೊದಲು ಸಾಗಹಾಕಿ" ಅಂದದ್ದು
ಬೆನ್ನು ದಾಟಿ ಬಂದು ಟೊಮೆಟೊ ರಾಶಿಯ ಮೇಲೆ ಕೂತಿತು.
ಮುಂಚೆಯೂ ಅಂದಿರಬೇಕು.
ಮುಂಚೆ ನಾನು ಟೊಮೆಟೊ ಮಾತ್ರ ಹೊತ್ತು ಮನೆಗೆ ಬರುತ್ತಿದ್ದೆ.

ಇನ್ನೊಂದು. ಹುಬ್ಬು, ಹೊಳ್ಳೆ, ಕೊರಳ ನರ,
ಎಲ್ಲ ಓದುತ್ತಿದ್ದವಳು ಈಗ ಗದ್ದದ ಕೆಳಗೇ ನೋಡುತ್ತೇನೆ.
ಮೊಮ್ಮಗನ ಕಣ್ಣು ಎರಡು ದಿನದಿಂದ ಕೆಂಪಗಿದ್ದದ್ದು ಕಾಣಲೇ ಇಲ್ಲ.
"ಚೆನ್ನಾಗಿದ್ದೇನೆ" ಅಂತ ಬರೆದಿತ್ತಲ್ಲ.

ಮೇಲ್ಮನೆಯ ಇಲೇನಿಯಾ
ಸಂಜೆಗೆ ನನ್ನ ಕಲ್ಲುಬೆಂಚಿಗೆ ಬರುವವಳು.
ಕೇಳದವಳಿಗೆ ಹೇಳುವ ಸುಖ ಅವಳಿಗೆ ಗೊತ್ತಿತ್ತು,
ಸದ್ದು ಮರಳದ ಬಾವಿಗೆ ಕಲ್ಲು ಹಾಕಿದ ಹಾಗೆ.
ಪಾದ್ರಿಗೆ ಹೇಳದ್ದು, ತಾಯಿಗೆ ಹೇಳದ್ದು;
ನಾನು ಬಟಾಣಿ ಸುಲಿಯುತ್ತ ತಲೆಯಾಡಿಸುತ್ತಿದ್ದೆ.
ಕನ್ನಡಕ ಕಂಡಂದಿನಿಂದ
ಗಾಳಿ ಜೋರು, ಎಂದು ಬರುತ್ತದೆ.
ಎಣ್ಣೆ ತುಟ್ಟಿ, ಎಂದು ಬರುತ್ತದೆ.
ಮಾತೆಲ್ಲ ಯಾವುದೋ ದೂರದ ತಣ್ಣನೆಯ ಕೋಣೆಗೆ ಹೋಗಿ
ಅಕ್ಷರವಾಗಿ ಮರಳುತ್ತದಂತೆ. ಅಲ್ಲೆಷ್ಟು ಉಳಿಯುತ್ತದೆ?
ತಂಗಿಯ ಮಗನಿಗೂ ಗೊತ್ತಿಲ್ಲ.

ಇವತ್ತು ತೆಗೆದೆ.
ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಳಗೆ
ಹಿಟ್ಟಿನ ಕಪಾಟಿನಲ್ಲಿಟ್ಟು ಬಂದು ಕೂತೆ.
ಮೂಗಿನ ಎರಡು ಗುಳಿ ಅವಳು ನೋಡಿದಳು.
ಬಹಳ ಹೊತ್ತಾದ ಮೇಲೆ ತುಟಿ ಅಲುಗಿತು.

ತುಟಿಯ ಮೇಲೆ ಪ, ಬ, ಮ ಮೂರೂ ಒಂದೇ.
ಅರ್ಧ ಊಹೆ, ಉಳಿದರ್ಧ ಅವಳ ಕೈಬೆರಳು.
ಒಂದೇ ಪದ ಪೂರಾ ದಕ್ಕಿತು: ಪಾರ್ತೊ.
ನಮ್ಮಲ್ಲಿ ಅದಕ್ಕೆ ಹೊರಟೆ ಎಂದೂ ಅರ್ಥ,
ಹೆರಿಗೆ ಎಂದೂ.

ಯಾವುದೆಂದು ಕೇಳಲಿಲ್ಲ.
ಬಟಾಣಿಯ ಬುಟ್ಟಿ ಅವಳ ಕಡೆ ಸರಿಸಿದೆ.