ಇತರೆ

ಬೈತಖೋಲ ಬಂದರಿನ ಮೀನು ಕಂಪನಿಯಲ್ಲಿ
ನನ್ನ ಹುದ್ದೆಯ ಹೆಸರು ಮಾನವ ಸಂಪನ್ಮೂಲ.
ಸಿಗಡಿ ಸುಲಿಯುವ ಹೆಂಗಸರಿಗೆ ಅದು ಬಾಯಿಗೆ ಹತ್ತದೆ
‘ಎಚ್ಚಾರ್ ಬಾಯಿ’ ಅಂದರು.
ಆಯಿತು ಅಂದೆ.

ಬಂದ ತಿಂಗಳಲ್ಲೇ ಗೋಡೆಗೊಂದು ಯಂತ್ರ ಕೂರಿಸಿದೆ,
ಬೆರಳಿಟ್ಟರೆ ಹಾಜರಿ.
ನನ್ನದನ್ನು ಒಪ್ಪಿತು, ಡ್ರೈವರ್ ಸಲೀಮನದನ್ನು ಒಪ್ಪಿತು,
ಸುಲಿಯುವವರ ಸಾಲು ಬಂದಾಗ ತಡವರಿಸಿತು.
ತುಳಸು ಖಾರ್ವಿಯದು ಹತ್ತೊಂಬತ್ತು ವರ್ಷದ ಬೆರಳು,
ಗೆರೆಯೆಲ್ಲ ಐಸು ತಿಂದಿತ್ತು.
ಮತ್ತೆ ಪ್ರಯತ್ನಿಸಿ, ಅಂದಿತು ಒಳಗಿನ ಹೆಣ್ಣು ದನಿ.
ಅವಳು ಸೆರಗಿಗೆ ಒರೆಸಿ ಮತ್ತೆ ಇಟ್ಟಳು.
ಮತ್ತೆ ಪ್ರಯತ್ನಿಸಿ.
‘ಅಲ್ಲ ಬಾಯಿ, ಇದ್ಕೆ ನನ್ನ ಮೊಖ ಗುರ್ತಿಲ್ವೇ?’

ನಕ್ಕೆ. ಅವಳ ಹೆಸರಿನ ಮುಂದೆ ‘ವಿನಾಯಿತಿ’ ಎಂದು ಬರೆದು
ಕೈಪಿಡಿ ಬರೆಯಲು ಕೂತೆ.
ರಜೆ ಇಷ್ಟು, ಓಟಿ ಇಷ್ಟು, ಗಮ್ ಬೂಟು ವರ್ಷಕ್ಕೊಂದು ಜೊತೆ,
ದೂರಿದ್ದರೆ ಡಬ್ಬವಿದೆ, ಕೀಲಿ ನನ್ನ ಹತ್ತಿರ.
ಸುಳ್ಳು ಒಂದೂ ಬರೆಯಲಿಲ್ಲ.
ಕೊನೆಯ ಕಲಮು, ಹದಿನೇಳು: ಇತರೆ.
ಏನೂ ಹೊಳೆಯದೆ ಅದರ ಕೆಳಗೆ
ಎರಡು ಗೆರೆ ಖಾಲಿ ಬಿಟ್ಟೆ.

ಹಳೇ ಸೂಪರ್‌ವೈಸರ್ ವಿಠೋಬ ಪೆಡ್ನೇಕರ
ಏನನ್ನೂ ಬರೆದವರಲ್ಲ.
ಬೈಯುತ್ತಿದ್ದರಂತೆ, ಅಜ್ಜಿ ಮುತ್ತಜ್ಜಿಯವರೆಗೂ ಹೋಗಿ.
ಪಗಾರ ಹತ್ತಕ್ಕೆ ಅಂದರೆ ಹದಿನೇಳಕ್ಕೆ.
ಆದರೆ ಗಾಳಿಯೆದ್ದು ಬಸ್ಸು ನಿಂತ ರಾತ್ರಿ
ಐಸಿನ ಟೆಂಪೋದಲ್ಲೇ ಎಲ್ಲರನ್ನೂ ತುಂಬಿಕೊಂಡು
ಬಿಣಗಾ, ಅರ್ಗಾ, ಚೆಂಡಿಯೆ, ಅಮದಳ್ಳಿ,
ಒಬ್ಬೊಬ್ಬರ ಅಂಗಳದ ದೀಪ ಹತ್ತುವವರೆಗೂ ನಿಂತು
ಆಮೇಲೆ ಗೇರು ಹಾಕುತ್ತಿದ್ದರಂತೆ.

ಅದು ಯಾವ ಕಾಗದದಲ್ಲೂ ಇರಲಿಲ್ಲ.
ಹಾಗಾಗಿ ನಾನು ಅದನ್ನು ತೆಗೆದು ಹಾಕಿದ್ದೂ ಇಲ್ಲ.
ಪುಸ್ತಕ ಬಂತು,
ಟೆಂಪೋ ತಾನಾಗಿ ನಿಂತಿತು.

ಮೀನುಗಾರಿಕೆ ನಿಷೇಧ ಮುಗಿದ ವಾರ
ಸಂಜೆ ಐದೂವರೆಗೆ ಮೂರು ಬೋಟು ಒಟ್ಟಿಗೆ ಬಂದವು,
ಹೊಟ್ಟೆ ತುಂಬ ಸಿಗಡಿ.
ಆರಕ್ಕೆ ಎಲ್ಲರೂ ಕೈಗವಸು ಕಳಚಿ ಮೊಳೆಗೆ ಸಿಕ್ಕಿಸಿದರು.
ಮೊದಲೆಲ್ಲ ನಡುರಾತ್ರಿವರೆಗೆ ಕೂರುತ್ತಿದ್ದರಲ್ಲ, ಅಂದೆ.
ಓಟಿ ಇದೆ, ದುಪ್ಪಟ್ಟು, ಅಂದೆ.
‘ಕೊಡ್ತ್ರಿ, ಗೊತ್ತುಂಟು. ಪುಸ್ತಕದಾಗೆ ಅದೆ,’ ಅಂದಳು ತುಳಸು.
‘ಮನೆಗೆ ಹೋಗೂದು ಹ್ಯಾಂಗೆ ಅಂತ ಇಲ್ಲ.’
ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ
ಡಬ್ಬ ಇತ್ತು.

ಆ ರಾತ್ರಿ ನಾನು, ಸಲೀಮ, ಲೆಕ್ಕದ ಇನಾಸ್
ಮೂರೇ ಜನ, ಮೂರು ಗಂಟೆಯವರೆಗೆ
ಬುಟ್ಟಿಗಳ ಮೇಲೆ ಐಸು ಒಡೆದು ಸುರಿದೆವು.
ಅರ್ಧ ಉಳಿಯಿತು. ಅರ್ಧ ಕಪ್ಪಾಯಿತು.
ಕೊಚ್ಚಿಯ ಹೆಡ್ಡಾಫೀಸಿನಿಂದ ಯಾರಾದರೂ
ಊಟವಾಯಿತೇ ಎಂದು ಕೇಳಬಹುದೆಂದು
ಫೋನನ್ನು ಒಣ ಜಾಗದಲ್ಲಿಟ್ಟಿದ್ದೆ.
ಕೇಳಬೇಕೆಂದು ಎಲ್ಲಿಯೂ ಇಲ್ಲ, ನಿಜ.

ಬೆಳಿಗ್ಗೆ ಯಂತ್ರದ ಮುಂದೆ ನನ್ನ ಬೆರಳು,
ಬಿಳುಚಿ ಸುಕ್ಕಾಗಿ, ನನ್ನದೇ ಅಲ್ಲದ ಹಾಗೆ.
ಮತ್ತೆ ಪ್ರಯತ್ನಿಸಿ.
ಮತ್ತೆ ಪ್ರಯತ್ನಿಸಿ.
ಹಿಂದೆ ಸಾಲಿನಲ್ಲಿ ಯಾರೂ ನಗಲಿಲ್ಲ.
ತುಳಸು ಮುಂದೆ ಬಂದು
ಸೆರಗಿನ ತುದಿ ಚಾಚಿದಳು:
‘ಒರೆಸ್ಕಂಡು ಇಡಿ.’