ಎಷ್ಟು ದಿಂಬು

‘ರಾತ್ರಿ ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಿ?’
ಡಾಕ್ಟರಮ್ಮ ಕೇಳಿದಾಗ ನಕ್ಕುಬಿಟ್ಟೆ.
ಹತ್ತಿ ಹಿಂಜಿ ಊರಿಗೆಲ್ಲ ದಿಂಬು ತುಂಬಿಕೊಟ್ಟ
ಪಿಂಜಾರರ ಮನೆಯವನನ್ನು
ಯಾರೂ ಹೀಗೆ ಕೇಳಿರಲಿಲ್ಲ.

ಎರಡು, ಎಂದೆ. ಆಮೇಲೆ, ಮೂರು.
ಅವಳು ನಗದೆ ಬರೆದುಕೊಂಡಳು.

ಚಮನಸಾಬ, ನಲವತ್ತೆರಡು, ಕೌಲ್ ಬಜಾರ್:
ಚೀಟಿಯಲ್ಲಿದ್ದದ್ದು ಇಷ್ಟು.
ತೆರೆಯ ಮೇಲೆ ಬೂದುಬಣ್ಣದ ಜೋಳಿಗೆಯೊಂದು
ತುಂಬಿಕೊಳ್ಳುತ್ತಿತ್ತು,
ಪೂರ್ತಿ ಹಿಂಡಲಾರದೆ ನಡುವೆಯೇ ಕೈಬಿಡುತ್ತಿತ್ತು.
‘ಪಂಪಿಂಗ್ ಮೂವತ್ತು. ನಿಮಗೆ ನಲವತ್ತೆರಡು,
ನಿಮ್ಮ ಹಾರ್ಟಿಗೆ ಅರವತ್ತೈದು ಅಂದ್ಕೊಳ್ಳಿ.’

ಅಂದುಕೊಳ್ಳುವುದೇನು ಕಷ್ಟ, ನನ್ನ ಕಸುಬೇ ಅದು.
ಮುಂಡರಗಿಯ ಶೆಡ್ಡಿನಲ್ಲಿ
ಬೆಳಿಗ್ಗೆ ಹೊಲಿದ ಜೀನ್ಸಿಗೆ
ಮಧ್ಯಾಹ್ನದೊಳಗೆ ಹತ್ತು ವರ್ಷ ತುಂಬಿಸುತ್ತೇನೆ.
ಉಪ್ಪುಕಾಗದದಿಂದ ತೊಡೆ ತಿಕ್ಕಿ
ಮೊಣಕಾಲಿಗೆ ಪೊಟ್ಯಾಶ್ ಹೊಡೆದು
ಯಾರೂ ಕೂರದ ಕಡೆ ಕೂತ ಗುರುತು,
ಯಾರೂ ನಡೆಯದ ಮಡಿಕೆಗೆ ನಡೆದ ಗೆರೆ.
ಗಿರಾಕಿಗೆ ಅದೇ ಬೇಕು, ಹಳೆಯದಕ್ಕೆ ರೇಟು ಜಾಸ್ತಿ.
ನನ್ನೊಳಗೆ ಕೂತು ತಿಕ್ಕಿದವರು ಯಾರೋ,
ಅವರಿಗೆ ಕೂಲಿ ಕೊಟ್ಟವರು ಯಾರೋ.

ಅಪ್ಪ ಹೋದದ್ದು ನಲವತ್ತೇಳಕ್ಕೆ.
ಕೊನೆಯ ಚಳಿಗಾಲ ಒಂದು ದಿಂಬು ಸಾಲದೆ
ಎರಡಾಯಿತು, ನಾಕಾಯಿತು,
ಕಡೆಗೆ ಗೋಡೆಗೊರಗಿ ಕೂತೇ ನಿದ್ದೆ.
‘ಇಮಾಮಸಾಬ ಸಾವ್ಕಾರ ಆಗ್ಯಾನೆ, ಗಾದಿ ಬಿಟ್ಟು ಏಳವಲ್ಲ’
ಓಣಿ ಚಾಷ್ಟಿ ಮಾಡಿತು. ಅವನೂ ನಕ್ಕ, ಏದುತ್ತ.
ಪಾದ ಒತ್ತಿದರೆ ಬೆರಳಿನ ಕುಳಿ ಹಾಗೇ ಉಳಿಯುತ್ತಿತ್ತು,
ನಾದಿಟ್ಟ ರೊಟ್ಟಿಹಿಟ್ಟಿನಲ್ಲಿ ಉಳಿದ ಹಾಗೆ.
ಹತ್ತಿಯ ಧೂಳು ಎದೆಗಿಳಿದಿದೆ ಎಂದರು.
ದೊಡ್ಡಪ್ಪ ಲಾಡ್ಲೆಸಾಬನಿಗೂ ಧೂಳೇ ಎಂದರು.
ದೊಡ್ಡಪ್ಪ ಹತ್ತಿ ಮುಟ್ಟಿದವನಲ್ಲ,
ಲಾರಿ ಓಡಿಸುತ್ತಿದ್ದ.

ಡಾಕ್ಟರಮ್ಮ ಹಾಳೆಯ ಮೇಲೆ ನಮ್ಮ ವಂಶ ಬರೆದಳು.
ಗಂಡಸಿಗೆ ಚೌಕ, ಹೆಂಗಸಿಗೆ ದುಂಡು,
ಹೋದವರ ಮೇಲೆ ಅಡ್ಡ ಗೀಟು.
ರೋಗದವರಿಗೆ ಒಳಗೆಲ್ಲ ಮಸಿ.
ಅಜ್ಜನ ಚೌಕಕ್ಕೆ ಏನು ಹಾಕಲಿ ಎಂದಳು.
ಅವನು ಬಿಲ್ಲು ಮೀಟುತ್ತ ಮೀಟುತ್ತ
ಹಿಂಜಿದ ಹತ್ತಿಯ ಮೇಲೇ ಒರಗಿದನಂತೆ,
ತಂತಿ ಇನ್ನೂ ಗುಂಯ್‌ಗುಡುತ್ತಿತ್ತಂತೆ.
ಅಷ್ಟು ಸಾಕು, ಎಂದು ಮಸಿ ತುಂಬಿದಳು.

‘ಬಂದೇ ಬರುತ್ತೆ ಅಂತಲ್ಲ. ಬರಬಹುದು.’

ನಮ್ಮ ಕಟಿಂಗ್ ಮಾಸ್ತರ ಒಂದೇ ರಟ್ಟಿಟ್ಟು
ಸಾವಿರ ಪ್ಯಾಂಟು ಕತ್ತರಿಸುತ್ತಾನೆ.
ರಟ್ಟಿನ ಅಂಚು ಒಂದು ನೂಲು ವಾರೆಯಾದರೆ
ಲಾಟಿಗೆ ಲಾಟೇ ವಾರೆ.
ಆದರೂ ಕೆಲವು ಮೊದಲ ಒಗೆತಕ್ಕೇ ಹರಿಯುತ್ತವೆ,
ಕೆಲವು ಯಾರದೋ ಮೈಮೇಲೆ ಇಪ್ಪತ್ತು ವರ್ಷ ತಿರುಗುತ್ತವೆ.
ಇದನ್ನು ಹೇಳೋಣವೆಂದುಕೊಂಡೆ. ಹಿಂದೆ ಸಾಲು ದೊಡ್ಡದಿತ್ತು.

ಹಾಳೆಯ ತಳದಲ್ಲಿ ಒಂದು ದುಂಡು ಖಾಲಿ ಉಳಿಯಿತು.
ತಸ್ಲೀಮ, ಹತ್ತೊಂಬತ್ತು.
‘ಒಂದು ಚೂರು ರಕ್ತ ಕೊಟ್ಟರೆ ಗೊತ್ತಾಗುತ್ತೆ.’

ದಿನಕ್ಕೆ ಒಂದೂವರೆ ಲೀಟರು ನೀರು, ಅಷ್ಟೇ.
ಮೇ ತಿಂಗಳು. ಹಗಲೆಲ್ಲ ಕಾದ ಗುಡ್ಡ
ರಾತ್ರಿ ಹತ್ತಾದರೂ ಊರಿನ ಮೇಲೆ ಉಸಿರು ಬಿಡುತ್ತಿದೆ.
ಬಾಟಲಿಗೆ ದರ್ಜಿ ಸುಣ್ಣದಿಂದ ಗೆರೆ ಎಳೆದವಳು ತಸ್ಲೀಮ:
ಇದು ಬೆಳಿಗ್ಗೆಗೆ, ಇದು ಗುಳಿಗೆಗೆ, ಇದು ಆಸೆಗೆ.
ಉಪ್ಪಿಲ್ಲದ ಸಾರಿಗೆ ಹುಣಸೆ ಜಾಸ್ತಿ ಹಿಂಡಿ
‘ನಾಲಿಗಿಗೆ ಮೋಸ ಮಾಡೀನಿ, ಸುಮ್ನೆ ಉಣ್ಣು’ ಅಂದಳು.

ರಕ್ತದ ಮಾತು ನಾನಾಗಿ ತೆಗೆಯಲಿಲ್ಲ.
ಹಾಳೆ ಅವಳೇ ಓದಿದ್ದಳು, ಜೇಬಿನಿಂದ ತೆಗೆದು.
‘ಸೋಮವಾರ ಡಿಗ್ರಿ ಪರೀಕ್ಷೆ ಐತಿ.
ಒಂದು ಮುಗೀಲಿ, ಆಮ್ಯಾಲೆ ಇನ್ನೊಂದು.’

ಈಗ ಎರಡು ಗಂಟೆ.
ಅಪ್ಪ ಕೂತ ಗೋಡೆಗೇ ಒರಗಿದ್ದೇನೆ.
ಮೂರು ದಿಂಬು: ಒಂದು ನನ್ನದು,
ಒಂದು ತೀರಿಕೊಂಡ ಇವಳ ತಾಯಿಯದು.
ಇನ್ನೊಂದಕ್ಕೆ ಕೊಬ್ಬರಿ ಎಣ್ಣೆಯ ವಾಸನೆ.
ಎದುರಿಗೆ ಬರೀ ಚಾಪೆಯ ಮೇಲೆ
ತೋಳನ್ನೇ ತಲೆಗಿಟ್ಟುಕೊಂಡು ಮಗಳು.
ಅವಳ ಎದೆ ಏರಿ ಇಳಿಯುವುದನ್ನು
ಲೆಕ್ಕ ಹಾಕುತ್ತೇನೆ, ತಪ್ಪುತ್ತೇನೆ,
ಮತ್ತೆ ಒಂದರಿಂದ.