ಇಳಿಜಾರಿನ ಲೆಕ್ಕ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ನನ್ನದು ಬ್ರೇಕ್ ಲೈನರ್ ಹೊಡೆಯುವ ಅಂಗಡಿ.
ಇಪ್ಪತ್ತೆರಡು ವರ್ಷದಿಂದ
ಹುಲಿಕಲ್ ಘಾಟಿ ಸುಟ್ಟು ಕಳಿಸಿದ್ದನ್ನು
ಉಳಿಯಿಂದ ಎಬ್ಬಿಸಿ, ತಾಮ್ರದ ರಿವಿಟ್ ಬಡಿದು
ಮತ್ತೆ ಸುಡಲು ಕಳಿಸುತ್ತೇನೆ.

ಮೆಕ್ಕೆಜೋಳ ಹೊತ್ತು ಕರಾವಳಿಗೆ ಇಳಿಯುವ ಲಾರಿ
ಚಂಡಿಕಾಂಬೆಗೆ ಒಂದು ನಾಣ್ಯ ಹಾಕಿ
ಉಳಿದದ್ದನ್ನೆಲ್ಲ ಡ್ರಮ್ಮಿಗೆ ಹಾಕುತ್ತದೆ.
ವಾಸನೆಯಲ್ಲೇ ಹೇಳಬಲ್ಲೆ:
ಇವನು ಗೇರಿನಲ್ಲಿ ಇಳಿದವನು,
ಇವನು ನ್ಯೂಟ್ರಲ್ಲಿಗೆ ತಳ್ಳಿ ಡೀಸೆಲ್ ಉಳಿಸಿದವನು,
ಇವನಿಗೆ ಹೋದ ತಿಂಗಳು ಮದುವೆಯಾಗಿದೆ.

ಜೂನಿನ ಒಂದು ಶನಿವಾರ ರಾತ್ರಿ
ಹಾಲೇಶಿ, ಐಟಿಐ ಮುಗಿಸಿ ಬಂದ ಹುಡುಗ,
ಮೊಬೈಲನ್ನು ಗ್ರೀಸ್ ಡಬ್ಬಕ್ಕೆ ಒರಗಿಸಿಟ್ಟ.
ಫ್ರಾನ್ಸಿನಲ್ಲಿ ಇಪ್ಪತ್ತನಾಲ್ಕು ಗಂಟೆ ಓಡುವ ಕಾರುಗಳು.
ನೆಲಕ್ಕಂಟಿದ ಮೈ, ಬೆನ್ನಿನ ಮೇಲೊಂದು ಮೀನಿನ ರೆಕ್ಕೆ.
“ಹಿಂದೆ ವಿ-ಸಿಕ್ಸ್, ಎರಡು ಟರ್ಬೊ. ಮುಂದಿನ ಚಕ್ರಕ್ಕೆ ಮೋಟರು.
ಬ್ರೇಕ್ ಒತ್ತಿದರೆ ಅದೇ ಮೋಟರು ಡೈನಮೊ ಆಗುತ್ತೆ ಅಣ್ಣಾ,
ಬಿಸಿ ಆಗೋದು ಕರೆಂಟಾಗಿ ಬ್ಯಾಟರಿಗೆ ಹೋಗುತ್ತೆ.”

ಕೈಲಿದ್ದ ಸುತ್ತಿಗೆ ಕೆಳಗಿಟ್ಟೆ.

ಬಿಸಿ ಆಗೋದು.
ನಾನು ಉಂಡದ್ದೆಲ್ಲ ಆ ಬಿಸಿಯ ಬೂದಿ.
ಉಗುರಿನ ಸಂದಿಯಲ್ಲಿ ಅದು, ಬೆಳಗಿನ ಕೆಮ್ಮಿನಲ್ಲಿ ಅದು,
ಮಗಳ ಶಾಲೆಯ ಫೀಸಿನಲ್ಲೂ ಅದೇ.
ಇಳಿಯುವ ನೀರನ್ನು ಲಿಂಗನಮಕ್ಕಿಯಲ್ಲಿ ಕಟ್ಟಿ
ದೀಪ ಮಾಡಿದ ಜಿಲ್ಲೆ ನಮ್ಮದು;
ಇಳಿಯುವ ಲಾರಿಯೂ ಒಂದು ನೀರು ಅಂತ
ನನಗಾದರೂ ಯಾಕೆ ಹೊಳೆಯಲಿಲ್ಲ?

ನಿಯಮವೂ ಇದೆಯಂತೆ.
ಆಕ್ಸಲ್ಲಿನ ಮೇಲೇ ಒಬ್ಬ ಗುಮಾಸ್ತ ಕೂತು
ಎಷ್ಟು ತಳ್ಳಿದೆ, ಎಷ್ಟು ವಾಪಸು ಬಂತು, ಬರೆಯುತ್ತಾನಂತೆ.
ವೇಗ ನೂರ ತೊಂಬತ್ತು ದಾಟುವ ತನಕ
ಮುಂದಿನ ಮೋಟರು ಕೈಕಟ್ಟಿ ಕೂರಬೇಕಂತೆ.
“ಬ್ಯಾಂಕಿನವರೂ ಹಾಗೇ,” ಎಂದರು ಬಾಬುಜಾನ್ ಉಸ್ತಾದ್,
ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೇ,
“ಓಡ್ತಾ ಇರೋನಿಗೇ ಸಾಲ ಕೊಡೋದು.”

ಎರಡು ಗಂಟೆಗೆ ಕರೆಂಟು ಹೋಯಿತು.
ಮೊಬೈಲಿನಲ್ಲಿ ಉಳಿದದ್ದು ಹದಿನಾಲ್ಕು ಪರ್ಸೆಂಟು.
ರಿಪೇರಿಗೆ ನಿಂತ ಟೆಂಪೊದ ಲೈಟರ್ ತೂತಿಗೆ
ಹಾಲೇಶಿ ವೈರು ಚುಚ್ಚಿದ.
ಮಾಸ್ತಿಕಟ್ಟೆಯಿಂದ ಬಂದ ಗಾಡಿ ಅದು.
ದಾರಿಯ ತಿರುವುಗಳಲ್ಲಿ ಹನಿಹನಿ ಕೂಡಿಟ್ಟದ್ದರಲ್ಲಿ
ನಾವು ಬೆಳಗಿನ ತನಕ ಓಟ ನೋಡಿದೆವು.

ನಡುವೆ ಒಂದು ಕಾರು ಪಿಟ್ಟಿಗೆ ಬಂತು.
ಟೈರು ಬದಲಾಯಿತು, ಎಣ್ಣೆ ತುಂಬಿತು,
ಎಂಜಿನ್ನು ಎಬ್ಬಿಸದೆ, ಹಾಲು ಕುಡಿದ ಬೆಕ್ಕಿನಂತೆ
ಹಾಗೇ ಜಾರಿ ಹೊರಟಿತು.
ಸದ್ದು ನಿಂತದ್ದಕ್ಕೆ ಉಸ್ತಾದರಿಗೆ ಎಚ್ಚರ.
ಐವತ್ತು ವರ್ಷ ಸ್ಕ್ರೂಡ್ರೈವರನ್ನು ಕಿವಿಗಿಟ್ಟು
ಎಂಜಿನ್ನಿನ ಎದೆ ಆಲಿಸಿದವರು.
“ಏನಾಯ್ತು, ಬಂದ್ ಬಿತ್ತಾ?”
“ಇಲ್ಲ ಉಸ್ತಾದ್, ಹೋಗ್ತಾ ಇದೆ.”
ಅವರು ಬಹಳ ಹೊತ್ತು ಮತ್ತೆ ಮಲಗಲಿಲ್ಲ.

ಲಾರಿಗೂ ಅದು ಬಂದ ದಿನ
ಲೈನರ್ ಇಷ್ಟು ಬೇಗ ಸವೆಯುವುದಿಲ್ಲ.
ಹಾಲೇಶಿ ಅದನ್ನು ಹೇಳಲಿಲ್ಲ. ನಾನು ಕೇಳಲಿಲ್ಲ.

ಇಲ್ಲಿ ಬೆಳಕು ಹರಿಯಿತು; ಅಲ್ಲಿ ಇನ್ನೂ ನಡುರಾತ್ರಿ,
ದೀಪ ಹೊತ್ತ ಮೀನುಗಳು ಸುತ್ತುತ್ತಲೇ ಇದ್ದವು.
ಶಟರಿನ ಮುಂದೆ ಒಂದು ಲಾರಿ.
ನಿನ್ನೆ ಘಾಟಿ ಇಳಿದು, ರಾತ್ರಿ ಖಾಲಿ ಹತ್ತಿದ್ದು;
ಎಡ ಹಿಂಬದಿ ಜಾಮ್ ಆಗಿ, ಉಜ್ಜಿಕೊಂಡೇ ಬಂದದ್ದು.
ಡ್ರಮ್ಮು ನೀಲಿಗಟ್ಟಿತ್ತು.

ಅಂಗೈ ಹತ್ತಿರ ಒಡ್ಡಿದೆ, ಮುಟ್ಟಲಿಲ್ಲ.
ಹೋಗಲು ಬೇರೆ ಜಾಗವಿಲ್ಲದೆ
ಆ ಬಿಸಿ ನನ್ನ ಕೈಗೆ ಬಂತು.
ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ,
ಚಳಿ ಇತ್ತು ಅಂತ ಇಟ್ಟುಕೊಳ್ಳಿ.

ಆಮೇಲೆ, “ಚಕ್ರ ಬಿಚ್ಚು,” ಅಂದೆ.